ತೊಲೆಗೆ ಅಂಟಿದ ಉಕ್ಕು

ದಕ್ಷಿಣ ಆಫ್ರಿಕದ ಪೂರ್ವ ತೀರದಲ್ಲಿರುವ ಡರ್ಬನ್ ನಗರದಲ್ಲಿ, 1964ನೆಯ ಇಸವಿಯಲ್ಲಿ, ಒಂದು ವಸತಿ ಸಮುಚ್ಚಯದ ತೊಲೆಗಳೊಳಗೆ ಇರಬೇಕಾಗಿದ್ದ ಕಬ್ಬಿಣದ ಕಂಬಿಗಳಲ್ಲಿ ಒಂದು ಭಾಗ ನಿರ್ಮಾಣದ ಕಾಲದಲ್ಲಿ ಅಕಸ್ಮಾತ್ತಾಗಿ ಬಿಟ್ಟುಹೋಯಿತು. ಕಾಂಕ್ರೀಟನ್ನು ಸುರಿಯುವ ಮೊದಲು ಇಂಥ ಲೋಪ ಕಣ್ಣಿಗೆ ಬಿದ್ದರೆ ಅದನ್ನು ಸರಿಪಡಿಸುವುದು ಕಂಬಿ ಕಟ್ಟುವವರಿಗೆ ಅಲ್ಪಕಾಲದ ಕೆಲಸ. ಸುರಿದು ಗಟ್ಟಿಯಾದ ಮೇಲಾದರೋ ಅದು ತೊಲೆಯು ತನ್ನ ಆಯುಷ್ಯವಿಡೀ ಹೊತ್ತುಕೊಂಡಿರಬೇಕಾದ ನ್ಯೂನತೆ. ಒಡೆದು ಮತ್ತೆ ಕಟ್ಟುವುದೊಂದೇ ದಾರಿಯೆಂದು ತೋರುವ ಆ ಸಂದರ್ಭದಲ್ಲಿ ಅಲ್ಲಿಯ ಎಂಜಿನಿಯರುಗಳು ಬೇರೊಂದು ಉಪಾಯವನ್ನು ಕೈಗೊಂಡರು: ತೊಲೆಯ ಹೊರಮೈಗೆ ಉಕ್ಕಿನ ಪಟ್ಟಿಗಳನ್ನು ಎಪಾಕ್ಸಿ ಅಂಟಿನಿಂದ ಅಂಟಿಸಿ, ಒಳಗಿಲ್ಲದ ಕಂಬಿಯ ಕರ್ತವ್ಯವನ್ನು ಹೊರಗಿನ ಪಟ್ಟಿಯಿಂದ ಮಾಡಿಸಿದರು. ಇರುವ ತೊಲೆಗಳನ್ನು ಉಕ್ಕಿನ ಪಟ್ಟಿಗಳಿಂದ ಬಲಪಡಿಸುವ ವಿದ್ಯೆಯ ಚರಿತ್ರೆಯಲ್ಲಿ ಇದು ಬರಹದಲ್ಲಿ ಉಳಿದಿರುವ ಮೊದಮೊದಲ ಪ್ರಯೋಗಗಳಲ್ಲಿ ಒಂದು. ಫ್ಲೆಮಿಂಗ್ ಮತ್ತು ಕಿಂಗ್ ಎಂಬ ಇಬ್ಬರು, ದಕ್ಷಿಣ ಆಫ್ರಿಕದಲ್ಲಿ ಅಂಟುಗಳಿಗೆ ದೊರೆತ ಹೊಸ ಉಪಯೋಗಗಳನ್ನು ಕುರಿತು 1967ರಲ್ಲಿ ಪ್ಯಾರಿಸ್ಸಿನ ವಿದ್ವತ್ಸಭೆಯ ಮುಂದಿಟ್ಟ ಪ್ರಬಂಧದಲ್ಲಿ ಈ ಬಗೆಯ ಕೆಲಸದ ವೃತ್ತಾಂತವನ್ನು ನಿವೇದಿಸಿದರು.

ಆ ಉಪಾಯದಲ್ಲಿದ್ದ ಸಾಹಸ ಎಷ್ಟು ದೊಡ್ಡದೆಂಬುದನ್ನು ಅರಿಯಬೇಕಾದರೆ ತೊಲೆಯ ಸ್ವಭಾವವನ್ನು ಸ್ವಲ್ಪ ವಿಚಾರಿಸಬೇಕು. ಎರಡು ತುದಿಗಳಲ್ಲಿ ಆಧಾರವಿರುವ ತೊಲೆಯ ಮೇಲೆ ಭಾರ ಬಿದ್ದಾಗ ಅದು ಕಣ್ಣಿಗೆ ಕಾಣಿಸದಷ್ಟು ಕೆಳಕ್ಕೆ ಬಾಗುತ್ತದೆ. ಬಾಗುವಾಗ ಅದರ ಮೇಲ್ಭಾಗ ಅದುಮಿಕೊಳ್ಳುತ್ತದೆ, ಕೆಳಭಾಗ ಎಳೆತಕ್ಕೆ ಸಿಕ್ಕುತ್ತದೆ. ಅದುಮುವ ಬಲವನ್ನು ತಾಳಿಕೊಳ್ಳುವುದರಲ್ಲಿ ಸಮರ್ಥವಾದ ಕಾಂಕ್ರೀಟು ಎಳೆತದ ಮುಂದೆ ಅತ್ಯಂತ ದುರ್ಬಲವಾದುದು. ಅದರ ಎಳೆತದ ಬಲ ಅದುಮಿಕೆಯ ಬಲದ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಆದುದರಿಂದಲೇ, ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೆ ತನ್ನ ಗಿಡದ ತೊಟ್ಟಿಗಳಲ್ಲಿ ಕಬ್ಬಿಣದ ಜಾಲವನ್ನು ಹುದುಗಿಸಿ 1867ರಲ್ಲಿ ಪೇಟೆಂಟು ಪಡೆದ ಕಾಲದಿಂದ, ಫ್ರಾಂಸ್ವಾ ಎನ್ನೆಬಿಕ್ 1892ರಲ್ಲಿ ತನ್ನ ನಿರ್ಮಾಣ ಪದ್ಧತಿಗೆ ಪೇಟೆಂಟು ಪಡೆದು ಅದನ್ನು ಯುರೋಪಿನಾದ್ಯಂತ ಹಬ್ಬಿಸಿದ ಕಾಲದವರೆಗೆ, ಮತ್ತು ಅಲ್ಲಿಂದೀಚೆಗೆ ನಮ್ಮ ಊರಿನ ಮೇಸ್ತ್ರಿಯು ತಾರಸಿಗೆ ಮೋಲ್ಡು ಹಾಕುವ ಈ ದಿನದವರೆಗೆ, ಎಳೆತವಿರುವ ಕಡೆಯಲ್ಲಿ ಕಬ್ಬಿಣವನ್ನು ಕಾಂಕ್ರೀಟಿನ ಒಳಗೆ ಹುದುಗಿಸುವುದೇ ಈ ಶಿಲ್ಪದ ಮೂಲತತ್ತ್ವವಾಗಿ ನಡೆದುಬಂದಿದೆ. ಹಾಗೆ ಒಳಗಿರುವ ಕಬ್ಬಿಣಕ್ಕೆ ಕಾಂಕ್ರೀಟು ಮೂರು ಉಪಕಾರಗಳನ್ನು ಯಾರೂ ಬೇಡದೆಯೇ ಮಾಡುತ್ತದೆ: ಸುತ್ತಲಿಂದ ಬಿಗಿಹಿಡಿದು ಜಾರದಂತೆ ನಿಲ್ಲಿಸುತ್ತದೆ, ತನ್ನ ಕ್ಷಾರಗುಣದಿಂದ ತುಕ್ಕನ್ನು ದೂರವಿಡುತ್ತದೆ, ಬೆಂಕಿ ಬಿದ್ದಾಗ ಅದರ ಝಳ ಕಬ್ಬಿಣಕ್ಕೆ ಬೇಗನೆ ತಾಗದಂತೆ ಅಡ್ಡ ನಿಲ್ಲುತ್ತದೆ. ಕಬ್ಬಿಣವನ್ನು ಹೊರಗಿಡುವವನು ಈ ಮೂರನ್ನೂ ಒಮ್ಮೆಲೇ ಕಳೆದುಕೊಳ್ಳುತ್ತಾನೆ. ಕಳೆದುಕೊಂಡದ್ದನ್ನು ಒಂದೊಂದಾಗಿ ಸ್ವಂತ ಪರಿಶ್ರಮದಿಂದ ಸಂಪಾದಿಸಬೇಕಾಗುತ್ತದೆ. ಅಂಟಿಸಿದ ಪಟ್ಟಿಗಳ ಇತಿಹಾಸವೆಂದರೆ ನನ್ನ ದೃಷ್ಟಿಯಲ್ಲಿ ಈ ಮರುಸಂಪಾದನೆಯ ಇತಿಹಾಸವೇ.

ಇಷ್ಟು ನಷ್ಟವನ್ನು ಒಪ್ಪಿಕೊಂಡು ಈ ದಾರಿಯನ್ನು ಹಿಡಿಯಲು ಪ್ರಬಲವಾದ ಕಾರಣಗಳಿದ್ದುವು. ಎರಡನೆಯ ಮಹಾಯುದ್ಧದ ತರುವಾಯ ಕಾಂಕ್ರೀಟಿನ ಕಟ್ಟಡಗಳೂ ಸೇತುವೆಗಳೂ ಜಗತ್ತಿನ ಎಲ್ಲ ಕಡೆ ಹಿಂದೆಂದೂ ಕಾಣದ ವೇಗದಿಂದ ಎದ್ದು ನಿಂತುವು. ಹಾಗೆ ನಿಂತವುಗಳ ಮೇಲೆ, ಅವನ್ನು ಕಟ್ಟಿದವರು ಊಹಿಸಿರದ ಭಾರಗಳು ಬರತೊಡಗಿದುವು. ಗೋದಾಮಿಗೆಂದು ಕಟ್ಟಿದ ಮಾಳಿಗೆಯಲ್ಲಿ ಭಾರಿ ಯಂತ್ರಗಳನ್ನು ಕೂಡಿಸಿದರು. ಕೆಳಗಿದ್ದ ಗೋಡೆಯನ್ನೋ ಕಂಬವನ್ನೋ ತೆಗೆದು ವಿಶಾಲವಾದ ಅಂಗಳ ಮಾಡಿದರು. ರಸ್ತೆಗಳಲ್ಲಿ ಲಾರಿಗಳ ತೂಕ ದಶಕದಿಂದ ದಶಕಕ್ಕೆ ಏರಿತು. ತೊಲೆಯನ್ನು ಬಲಪಡಿಸಲು ಆವರೆಗೆ ಇದ್ದ ಉಪಾಯಗಳಾದರೋ ಎಲ್ಲವೂ ಜಾಗವನ್ನು ನುಂಗುವಂಥವು. ತೊಲೆಯ ಸುತ್ತ ಹೊಸ ಕಂಬಿ ಕಟ್ಟಿ ಹೊಸ ಕಾಂಕ್ರೀಟಿನ ಕವಚ ತೊಡಿಸಿದರೆ ಭಾರವೂ ಹೆಚ್ಚುತ್ತದೆ, ತಲೆಯ ಮೇಲಿನ ಅವಕಾಶವೂ ಕುಗ್ಗುತ್ತದೆ. ನಡುವೆ ಒಂದು ಕಂಬವನ್ನು ನಿಲ್ಲಿಸಿದರೆ ಕೋಣೆಯ ಉಪಯೋಗವೇ ಕೆಡುತ್ತದೆ. ಉಕ್ಕಿನ ಜಾಯಿಸ್ಟನ್ನು ಅಡಿಗೆ ಕೊಟ್ಟರೆ ಸೇತುವೆಯ ಕೆಳಗೆ ಹಾದುಹೋಗುವ ವಾಹನಕ್ಕೆ ದಾರಿ ತಗ್ಗಾಗುತ್ತದೆ. ಇವುಗಳೆದುರಿಗೆ ಐದು ಮಿಲಿಮೀಟರು ದಪ್ಪದ ಒಂದು ಉಕ್ಕಿನ ಪಟ್ಟಿಯ ಗುಣವನ್ನು ಲೆಕ್ಕ ಹಾಕಿ ನೋಡಬೇಕು. 250 ಮಿಲಿಮೀಟರು ಅಗಲವೂ 5 ಮಿಲಿಮೀಟರು ದಪ್ಪವೂ ಇರುವ ಪಟ್ಟಿಯ ಅಡ್ಡಕೊಯ್ತದ ವಿಸ್ತೀರ್ಣ 1,250 ಚದರ ಮಿಲಿಮೀಟರು; 20 ಮಿಲಿಮೀಟರಿನ ನಾಲ್ಕು ಕಂಬಿಗಳ ವಿಸ್ತೀರ್ಣವೂ ಸರಿಸುಮಾರು ಅಷ್ಟೇ. ಎಂದರೆ, ಬಣ್ಣ ಬಳಿದ ಮೇಲೆ ಕೆಳಗೆ ನಡೆಯುವವರ ಲಕ್ಷ್ಯಕ್ಕೇ ಬಾರದ ಒಂದು ತೆಳು ಹಾಳೆಯು ನಾಲ್ಕು ದಪ್ಪ ಕಂಬಿಗಳ ಸ್ಥಾನದಲ್ಲಿ ನಿಲ್ಲುತ್ತದೆ. ಅದೂ ತೊಲೆಯ ತೀರ ತಳದಲ್ಲಿ, ಎಳೆತವು ಪರಮಾವಧಿಯಾಗಿರುವ ಎಡೆಯಲ್ಲಿ.

ಇದು ಸಾಧ್ಯವಾದುದು ಅಂಟಿನ ವಿದ್ಯೆಯ ದೆಸೆಯಿಂದ. ಸ್ವಿಟ್ಜರ್ಲೆಂಡಿನ ರಸಾಯನಜ್ಞ ಪಿಯೆರ್ ಕಾಸ್ತಾಂ ಎಂಬಾತ 1930ರ ದಶಕದ ಉತ್ತರಾರ್ಧದಲ್ಲಿ ಕೃತಕ ದಂತಗಳಿಗೆ ಬೇಕಾದ ವಸ್ತುವನ್ನು ಅರಸುತ್ತ ಎಪಾಕ್ಸಿ ರಾಳವನ್ನು ಕಂಡುಹಿಡಿದನು. ಅದರ ಹಕ್ಕನ್ನು ಬಾಸೆಲಿನ ಸೀಬಾ ಸಂಸ್ಥೆ ಪಡೆದು, ಯುದ್ಧ ಮುಗಿದ ಮರುವರ್ಷ 1946ರಲ್ಲಿ ಅರಾಲ್ಡೈಟ್ ಎಂಬ ಹೆಸರಿನಿಂದ ಜಗತ್ತಿನ ಮುಂದಿಟ್ಟಿತು. ಆ ಮೊದಲೇ, ಇಂಗ್ಲೆಂಡಿನ ಡಕ್ಸ್‌ಫರ್ಡಿನಲ್ಲಿ ನಾರ್ಮನ್ ಡಿ ಬ್ರೂಯಿನ್ ಎಂಬ ವಿಜ್ಞಾನಿ ಯುದ್ಧಕಾಲದಲ್ಲಿ ಲೋಹಕ್ಕೆ ಲೋಹವನ್ನು ಅಂಟಿಸುವ ರಿಡಕ್ಸ್ ಎಂಬ ಅಂಟನ್ನು ಸಿದ್ಧಪಡಿಸಿ, ವಿಮಾನಗಳ ಅಂಗಾಂಗಗಳನ್ನು ಮೊಳೆಯಿಲ್ಲದೆ ಜೋಡಿಸಬಹುದೆಂಬುದನ್ನು ತೋರಿಸಿದ್ದನು. ಆಕಾಶದಲ್ಲಿ ಹಾರುವ ಯಂತ್ರಕ್ಕೆ ಸಲ್ಲುವ ನಂಬಿಕೆ ನೆಲದ ಮೇಲಿನ ತೊಲೆಗೇಕೆ ಸಲ್ಲಬಾರದೆಂಬ ವಿಚಾರ ಎಂಜಿನಿಯರುಗಳ ಮನಸ್ಸಿನಲ್ಲಿ ಮೂಡಿದುದು ಸಹಜವೇ ಸರಿ. ಎಪಾಕ್ಸಿಯಲ್ಲಿ ಅವರಿಗೆ ಒಪ್ಪಿದ ಗುಣಗಳು ಬೇರೆಯೂ ಇದ್ದುವು. ಅದು ಕುಲುಮೆಯ ಶಾಖವಿಲ್ಲದೆ, ರಾಳವನ್ನೂ ಗಟ್ಟಿಕಾರಕವನ್ನೂ ಬೆರೆಸಿದಷ್ಟರಿಂದಲೇ ಬಯಲಿನ ಉಷ್ಣಾಂಶದಲ್ಲಿ ಗಟ್ಟಿಯಾಗುತ್ತದೆ. ಗಟ್ಟಿಯಾಗುವಾಗ ಅತ್ಯಲ್ಪವಾಗಿ ಮಾತ್ರ ಕುಗ್ಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಬಲ ಕಾಂಕ್ರೀಟಿನ ಎಳೆತದ ಬಲಕ್ಕಿಂತ ಬಹಳ ಮಿಗಿಲು. ಚೆನ್ನಾಗಿ ಮಾಡಿದ ಸಂದಿಯನ್ನು ಬಲವಂತದಿಂದ ಕೀಳಿದರೆ ಹರಿಯುವುದು ಅಂಟಲ್ಲ, ಅದರ ಹಿಂದಿನ ಕಾಂಕ್ರೀಟು.

ಈ ವಿಚಾರವನ್ನು ಅನುಭವದ ಹಂತದಿಂದ ಶಾಸ್ತ್ರದ ಹಂತಕ್ಕೆ ಏರಿಸಿದ ಕೀರ್ತಿ ಫ್ರಾನ್ಸಿಗೆ ಸಲ್ಲುತ್ತದೆ. 1947ರಲ್ಲಿ ನಿರ್ಮಾಣವಸ್ತುಗಳ ಪ್ರಯೋಗಾಲಯಗಳ ಅಂತರರಾಷ್ಟ್ರೀಯ ಒಕ್ಕೂಟವಾದ ರೀಲೆಮ್ ಸ್ಥಾಪನೆಯಾಗುವುದಕ್ಕೆ ಕಾರಣನಾದ ರಾಬೆರ್ ಲೆರ್ಮಿತ್ ಎಂಬ ಹಿರಿಯ ವಿಜ್ಞಾನಿಯೂ ಆತನ ಸಹೋದ್ಯೋಗಿ ಬ್ರೆಸ್ಸೋನನೂ, ಅಂಟಿಸಿದ ಪಟ್ಟಿಗಳಿಂದ ಬಲಗೊಂಡ ಕಾಂಕ್ರೀಟಿನ ಮೇಲೆ ಕ್ರಮಬದ್ಧವಾದ ಪರೀಕ್ಷೆಗಳನ್ನು ನಡೆಸಿ, ಕಟ್ಟಡಗಳಲ್ಲಿ ಕೃತಕ ರಾಳಗಳ ಬಳಕೆಯನ್ನು ಕುರಿತು 1967ರಲ್ಲಿ ಪ್ಯಾರಿಸ್ಸಿನಲ್ಲಿ ಕೂಡಿದ ರೀಲೆಮ್ ಸಭೆಯಲ್ಲಿ ಅವುಗಳ ಫಲಿತಾಂಶವನ್ನು ಓದಿದರು. ಡರ್ಬನ್ನಿನ ಅನುಭವವೂ ಪ್ಯಾರಿಸ್ಸಿನ ಪ್ರಯೋಗವೂ ಒಂದೇ ಸಭೆಯಲ್ಲಿ ಸಂಧಿಸಿದುದು ಈ ಚರಿತ್ರೆಯ ಒಂದು ಸುಯೋಗ. ಕೆಲವೇ ವರ್ಷಗಳಲ್ಲಿ ಬ್ರೆಸ್ಸೋನನು ಪ್ಯಾರಿಸ್ಸಿನಿಂದ ದಕ್ಷಿಣಕ್ಕೆ ಹೋಗುವ ಹೆದ್ದಾರಿಯ ಅಡಿಯಲ್ಲಿ ಹಾದುಹೋಗುವ 126ನೆಯ ಜಿಲ್ಲಾ ರಸ್ತೆಯ ಕೆಳಸೇತುವೆಯನ್ನು ಈ ವಿಧಾನದಿಂದ ಬಲಪಡಿಸಿ, ಅದರ ವಿವರಗಳನ್ನು 1972ರಲ್ಲಿ ಪ್ರಕಟಿಸಿದನು.

ಕೆಲಸದ ಕ್ರಮವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ಈ ವಿದ್ಯೆಯ ಜಯಾಪಜಯಗಳು ಲೆಕ್ಕದ ಹಾಳೆಯಲ್ಲಿ ನಿರ್ಧಾರವಾಗುವುದಕ್ಕಿಂತ ಹೆಚ್ಚಾಗಿ ಅಟ್ಟಣೆಯ ಮೇಲೆ ಕತ್ತೆತ್ತಿ ನಿಂತ ಕೆಲಸಗಾರನ ಕೈಯಲ್ಲಿ ನಿರ್ಧಾರವಾಗುತ್ತವೆ. ಎಲ್ಲಕ್ಕೂ ಮೊದಲು ತೊಲೆಯ ತಳವನ್ನು ಬಡಿದು ನೋಡಿ, ಟೊಳ್ಳು ಸದ್ದು ಬರುವ ಎಡೆಗಳನ್ನು ಕೆತ್ತಿ ತೆಗೆದು, ಹೊಸ ಗಾರೆಯಿಂದ ತುಂಬಬೇಕು. ಬಿರುಕುಗಳಿಗೆ ತೆಳುವಾದ ರಾಳವನ್ನು ಒತ್ತಡದಿಂದ ಒಳಸೇರಿಸಬೇಕು. ಅನಂತರ ಮೇಲ್ಮೈಯ ಮೇಲೆ ಹಾಳೆಯಂತೆ ಗಟ್ಟಿಯಾಗಿ ಕುಳಿತಿರುವ ಸಿಮೆಂಟಿನ ಹಾಲನ್ನೂ, ಸೆಂಟ್ರಿಂಗ್ ಹಲಗೆಗೆ ಬಳಿದಿದ್ದ ಎಣ್ಣೆಯ ಶೇಷವನ್ನೂ, ಹಳೆಯ ಬಣ್ಣವನ್ನೂ, ಗಾಳಿಯ ವೇಗದಿಂದ ಚಿಮ್ಮುವ ಹರಳುಗಳ ಹೊಡೆತದಿಂದ ಕಿತ್ತುಹಾಕಿ, ಒಳಗಿನ ಜಲ್ಲಿಯ ಮೈ ಅಲ್ಲಲ್ಲಿ ಕಾಣುವವರೆಗೆ ಒರಟುಮಾಡಬೇಕು. ಉಕ್ಕಿನ ಪಟ್ಟಿಯನ್ನೂ ಹಾಗೆಯೇ ಹರಳು ಹೊಡೆದು, ತುಕ್ಕಿನ ಚುಕ್ಕೆಯೂ ಇಲ್ಲದ ಬೂದುಬಣ್ಣದ ಶುದ್ಧ ಲೋಹ ಹೊರಬರುವಂತೆ ಮಾಡಿ, ಜಿಡ್ಡು ತೊಡೆದು, ಕೈ ಸೋಕದಂತೆ ಕಾಪಾಡಬೇಕು. ಹಾಗೆ ಶುಚಿಯಾದ ಲೋಹವು ಗಾಳಿಯ ತೇವಕ್ಕೆ ಕೆಲವೇ ಗಂಟೆಗಳಲ್ಲಿ ಮತ್ತೆ ಮಂಕಾಗುವುದರಿಂದ, ಅಂಟಿಸುವುದು ತಡವಾಗುವುದಾದರೆ ಅದಕ್ಕೆ ಒಂದು ರಕ್ಷಕ ಲೇಪವನ್ನು ಒಡನೆಯೇ ಕೊಡಬೇಕು. ಆಮೇಲೆ ರಾಳ ಮತ್ತು ಗಟ್ಟಿಕಾರಕಗಳನ್ನು ನಿಯತ ಪ್ರಮಾಣದಲ್ಲಿ ತೂಗಿ ಬೆರೆಸಬೇಕು. ಬೆರೆಸಿದ ಕ್ಷಣದಿಂದ ಕಾಲ ಓಡತೊಡಗುತ್ತದೆ. ಬಿಸಿಲಿನ ದಿನವಾದರೆ ಪಾತ್ರೆಯಲ್ಲಿಯೇ ಅಂಟು ಬಿಸಿಯೇರಿ ಬಿಗಿಯುತ್ತದೆ. ಪಟ್ಟಿಯ ಮೇಲೆ ಅಂಟನ್ನು ನಡುವಿನಲ್ಲಿ ಉಬ್ಬಾಗಿಯೂ ಅಂಚುಗಳಲ್ಲಿ ತೆಳುವಾಗಿಯೂ ಹರಡುವುದು ವಾಡಿಕೆ. ಒತ್ತಿದಾಗ ಅದು ನಡುವಿನಿಂದ ಹೊರಕ್ಕೆ ಹರಿಯುತ್ತ ಒಳಗಿನ ಗಾಳಿಯನ್ನು ತನ್ನ ಮುಂದೆ ತಳ್ಳಿಕೊಂಡು ಹೋಗಬೇಕೆಂಬುದು ಇದರ ಉದ್ದೇಶ. ಆರು ಮೀಟರು ಉದ್ದದ ಪಟ್ಟಿಯಾದರೆ ಅದರ ತೂಕ ಅರುವತ್ತು ಕಿಲೋಗ್ರಾಮಿನ ಹತ್ತಿರ ಬರುತ್ತದೆ. ಅದನ್ನು ಹಲವರು ಏಕಕಾಲದಲ್ಲಿ ಎತ್ತಿ, ತೊಲೆಯ ತಳಕ್ಕೆ ಒಪ್ಪಿಸಿ, ಊರೆಗಳನ್ನೂ ಬೆಣೆಗಳನ್ನೂ ಕೊಟ್ಟು, ಅಥವಾ ಮೊದಲೇ ಕೂಡಿಸಿದ ಬೋಲ್ಟುಗಳನ್ನು ಬಿಗಿದು, ಅಂಚಿನುದ್ದಕ್ಕೂ ಅಂಟು ಹೊರಹೊಮ್ಮುವವರೆಗೆ ಅದುಮಿ, ಪದರದ ದಪ್ಪ ಒಂದರಿಂದ ಮೂರು ಮಿಲಿಮೀಟರುಗಳೊಳಗೆ ನಿಲ್ಲುವಂತೆ ನೋಡಿಕೊಳ್ಳಬೇಕು. ಅಂಟು ಬಲಿಯುವವರೆಗೆ ಊರೆಯನ್ನು ಕದಲಿಸಬಾರದು. ಕಡೆಯಲ್ಲಿ ಸಣ್ಣ ಸುತ್ತಿಗೆಯಿಂದ ಪಟ್ಟಿಯುದ್ದಕ್ಕೂ ತಟ್ಟುತ್ತ ಬಂದು, ಎಲ್ಲಿ ಸದ್ದು ಬದಲಾಯಿತೋ ಅಲ್ಲಿ ಗಾಳಿ ಉಳಿದಿದೆಯೆಂದು ಗುರುತುಮಾಡುತ್ತಾರೆ. ಇಷ್ಟೆಲ್ಲ ಆದ ಮೇಲೆ ಆ ಕೆಲಸದ ಸಾರಸರ್ವಸ್ವವಾದ ಪದರವು ಉಕ್ಕಿನ ಹಿಂದೆ ಶಾಶ್ವತವಾಗಿ ಮರೆಯಾಗುತ್ತದೆ. ಮಾಡಿದವನ ಪ್ರಾಮಾಣಿಕತೆಗೆ ಅವನೇ ಸಾಕ್ಷಿ. ಇಂಥ ಕೆಲಸದ ಬಗ್ಗೆ ನನಗೆ ಆಳವಾದ ಗೌರವವಿದೆ.

ಇನ್ನೊಂದು ಸೂಕ್ಷ್ಮವನ್ನೂ ಹೇಳಬೇಕು. ಪಟ್ಟಿಯನ್ನು ಅಂಟಿಸುವ ಹೊತ್ತಿಗೆ ತೊಲೆಯು ತನ್ನ ಸ್ವಂತ ಭಾರವನ್ನೂ ಮೇಲಿನ ಚಪ್ಪಡಿಯ ಭಾರವನ್ನೂ ಹೊತ್ತು ಬಾಗಿಯೇ ಇರುತ್ತದೆ. ಆ ಭಾರವನ್ನು ಒಳಗಿನ ಕಂಬಿಗಳು ಆಗಲೇ ಹಂಚಿಕೊಂಡಿರುತ್ತವೆ. ಹೊಸ ಪಟ್ಟಿಯ ಪಾಲಿಗೆ ಬರುವುದು ಅಂಟು ಬಲಿತ ಮೇಲೆ ಬೀಳುವ ಭಾರ ಮಾತ್ರ. ಆದುದರಿಂದ ತಿಳಿದವರು ಕೆಲಸಕ್ಕೆ ಮುಂಚೆ ಮೇಲಿನ ಸಾಮಾನುಗಳನ್ನು ಇಳಿಸಿ, ಸಾಧ್ಯವಾದಲ್ಲಿ ಜಾಕಿಗಳಿಂದ ತೊಲೆಯನ್ನು ತುಸು ಎತ್ತಿ, ಹಳೆಯ ಕಂಬಿಯ ಆಯಾಸವನ್ನು ಕಡಮೆ ಮಾಡಿಕೊಂಡೇ ಪಟ್ಟಿಯನ್ನು ಅಂಟಿಸುತ್ತಾರೆ.

1970ರ ದಶಕದಲ್ಲಿ ಈ ವಿಧಾನ ದೇಶದಿಂದ ದೇಶಕ್ಕೆ ಹಬ್ಬಿತು. ಜಪಾನಿನಲ್ಲಿ ನಗರಗಳ ಮೇಲ್ಸೇತುವೆಗಳ ತೆಳುವಾದ ಚಪ್ಪಡಿಗಳು ಭಾರಿ ಲಾರಿಗಳ ಹೊಡೆತಕ್ಕೆ ಬಿರಿಯುತ್ತಿದ್ದುವು. 1975ರ ಹೊತ್ತಿಗೆ ಅಲ್ಲಿ ಇನ್ನೂರಕ್ಕೂ ಹೆಚ್ಚು ಸೇತುವೆಗಳು ಉಕ್ಕಿನ ಪಟ್ಟಿಗಳನ್ನು ಧರಿಸಿದ್ದುವು. ಪಟ್ಟಿಯನ್ನು ಮೊದಲು ಬೋಲ್ಟುಗಳಿಂದ ಹಿಡಿಸಿ, ಅಂಚುಗಳನ್ನು ಮುಚ್ಚಿ, ನಡುವಿನ ಸಂದಿಗೆ ತೆಳುವಾದ ರಾಳವನ್ನು ಪಂಪಿನಿಂದ ತುಂಬುವ ಕ್ರಮವನ್ನು ಆ ದೇಶದವರು ವಿಶೇಷವಾಗಿ ಬೆಳೆಸಿದರು. ಸ್ವಿಟ್ಜರ್ಲೆಂಡಿನ ಡ್ಯೂಬೆಂಡೋರ್ಫಿನಲ್ಲಿರುವ ಎಂಪಾ ಪ್ರಯೋಗಾಲಯದಲ್ಲಿ ಲಾಡ್ನರ್ ಮತ್ತು ಆತನ ಸಂಗಡಿಗರು ಪಟ್ಟಿ ಅಂಟಿಸಿದ ತೊಲೆಗಳನ್ನು ನಾನಾ ವಿಧದಿಂದ ಪರೀಕ್ಷಿಸಿದರು. ಅಲ್ಲಿ 1970ರಲ್ಲಿ ಭಾರ ಹೇರಿ ನಿಲ್ಲಿಸಿದ ಅಂಥ ಒಂದು ತೊಲೆಯನ್ನು ನಾಲ್ಕು ದಶಕಗಳಿಗೂ ಮೀರಿ ಹಾಗೆಯೇ ಭಾರದಡಿಯಲ್ಲಿಟ್ಟು ಅಳೆಯುತ್ತ ಬಂದಿದ್ದಾರೆ. ಪ್ರಯೋಗವನ್ನು ಆರಂಭಿಸಿದವರು ನಿವೃತ್ತರಾದ ಮೇಲೂ ಅಳತೆಯನ್ನು ಮುಂದುವರಿಸುವ ಇಂಥ ತಾಳ್ಮೆ ಯಾವ ದೇಶದ ವಿಜ್ಞಾನಕ್ಕೂ ಭೂಷಣ.

ಇಂಗ್ಲೆಂಡಿನ ಕಥೆ ಇವೆಲ್ಲಕ್ಕಿಂತ ನಮಗೆ ಹೆಚ್ಚು ಬೋಧಪ್ರದವಾದುದು. ಬರ್ಮಿಂಗ್‌ಹ್ಯಾಮಿನ ಬಳಿ, ಎಂ5 ಹೆದ್ದಾರಿಯ ಕ್ವಿಂಟನ್ ಕೂಡುದಾರಿಯಲ್ಲಿರುವ ನಾಲ್ಕು ಸೇತುವೆಗಳನ್ನು 1975ರಲ್ಲಿ ಈ ರೀತಿ ಬಲಪಡಿಸಿದರು. ಆ ದೇಶದ ಸೇತುವೆಗಳಲ್ಲಿ ಇದೇ ಮೊದಲು. ಎರಡು ವರ್ಷಗಳ ಅನಂತರ ಕೆಂಟ್ ಪ್ರಾಂತದ ಸ್ವಾನ್ಲಿಯಲ್ಲಿಯೂ ಅದೇ ಬಗೆಯ ಕೆಲಸ ನಡೆಯಿತು. ಆದರೆ ಅಲ್ಲಿಯವರು ಕೆಲಸ ಮುಗಿಯಿತೆಂದು ತೃಪ್ತರಾಗಿ ಕೂರಲಿಲ್ಲ. ಸರಕಾರದ ರಸ್ತೆ ಸಂಶೋಧನಾಲಯವು ಕ್ವಿಂಟನ್ನಿನ ಕಾಲದಿಂದಲೇ ಈ ವಿಧಾನದ ದೌರ್ಬಲ್ಯಗಳನ್ನು ಹುಡುಕುವ ಕಾರ್ಯಕ್ಕೆ ತೊಡಗಿತು. ಷೆಫೀಲ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರ್ ನಾರಾಯಣ ಸ್ವಾಮಿಯವರೂ ಅವರ ಸಹೋದ್ಯೋಗಿ ಜೋನ್ಸರೂ ಶಿಷ್ಯರೊಡಗೂಡಿ 1980ರ ದಶಕದಲ್ಲಿ ತೊಲೆಗಳ ಸಾಲನ್ನೇ ಮುರಿದು ನೋಡಿದರು.

ಮುರಿದು ನೋಡಿದಾಗ ಅವರ ಮುಂದೆ ನಿಂತ ಪ್ರಶ್ನೆ ಪಟ್ಟಿಯ ತುದಿಯದು. ತೆಳ್ಳಗೂ ಅಗಲವಾಗಿಯೂ ಇರುವ ಪಟ್ಟಿಗಳು ತೊಲೆಯೊಡನೆ ಒಂದೇ ಶರೀರವಾಗಿ ಬಾಗಿ, ತಮ್ಮ ಪೂರ್ಣ ಶಕ್ತಿಯನ್ನು ತೋರಿ, ಕಡೆಯಲ್ಲಿ ಉಕ್ಕು ತಾನೇ ಹಿಗ್ಗುವವರೆಗೆ ಹಿಡಿದು ನಿಂತುವು. ದಪ್ಪನೆಯ ಪಟ್ಟಿಗಳಾದರೋ ಅದಕ್ಕಿಂತ ಬಹಳ ಮುಂಚೆಯೇ, ಹೆಚ್ಚಿನ ಎಚ್ಚರಿಕೆಯನ್ನೇನೂ ಕೊಡದೆ, ತುದಿಯಿಂದ ಕಳಚಿಕೊಂಡುವು. ಕಳಚುವಾಗ ಒಳಗಿನ ಕಂಬಿಗಳ ಮಟ್ಟದವರೆಗಿನ ಕಾಂಕ್ರೀಟಿನ ಹೊದಿಕೆಯನ್ನೇ ತಮ್ಮೊಡನೆ ಸೀಳಿಕೊಂಡು ಬಂದುವು. ಹೆಚ್ಚು ಉಕ್ಕು ಹಾಕಿದರೆ ಹೆಚ್ಚು ಬಲವೆಂಬ ಸಾಮಾನ್ಯ ನಂಬಿಕೆ ಇಲ್ಲಿ ತಲೆಕೆಳಗಾಯಿತು. ಕಾರಣವನ್ನು ವಿವೇಚಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಗೋಡೆಗೆ ಅಂಟಿಸಿದ ಕಾಗದವನ್ನು ಅದರ ಮೈಯ ನೇರಕ್ಕೆ ಎಳೆದರೆ ಅದು ಜಾರದು. ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿ ಹೊರಕ್ಕೆ ಎಳೆದರೆ ಸುಲಭವಾಗಿ ಸುಲಿದು ಬರುತ್ತದೆ. ಪಟ್ಟಿಯು ಥಟ್ಟನೆ ಮುಗಿಯುವ ಎಡೆಯಲ್ಲಿ, ಅದರಲ್ಲಿದ್ದ ಎಳೆತವೆಲ್ಲ ಅಂಟಿನ ಮೂಲಕ ಕಾಂಕ್ರೀಟಿಗೆ ಮರಳಬೇಕಾಗುವುದರಿಂದ, ಪಕ್ಕಕ್ಕೆ ಎಳೆಯುವ ಬಲದ ಜೊತೆಗೆ ಹೊರಕ್ಕೆ ಎಬ್ಬಿಸುವ ಬಲವೂ ಹುಟ್ಟುತ್ತದೆ. ಪಟ್ಟಿ ದಪ್ಪವಾದಷ್ಟೂ ಆ ಎಬ್ಬಿಸುವ ಬಲ ಹೆಚ್ಚು. ಕಾಂಕ್ರೀಟಿನ ದುರ್ಬಲವಾದ ಎಳೆತದ ಶಕ್ತಿಯೇ ಅಲ್ಲಿ ಕಟ್ಟಕಡೆಯ ಆಧಾರ. ಪಟ್ಟಿಯ ಅಗಲವು ಅದರ ದಪ್ಪದ ಐವತ್ತರಷ್ಟಕ್ಕಿಂತ ಕಡಮೆಯಾಗಬಾರದೆಂಬ ನಿಯಮ ಇಂಥ ಪ್ರಯೋಗಗಳಿಂದ ಮೂಡಿಬಂತು. ಮೇಲೆ ನಾನು ಉದಾಹರಿಸಿದ 250 ಮತ್ತು 5ರ ಪಟ್ಟಿ ಆ ನಿಯಮದ ಅಂಚಿನಲ್ಲಿಯೇ ಇದೆ.

ತುದಿಯನ್ನು ಹಿಡಿದು ನಿಲ್ಲಿಸುವ ಉಪಾಯವನ್ನು ಕುರಿತು ಜೋನ್ಸ್, ಸ್ವಾಮಿ ಮತ್ತು ಷರೀಫರು 1988ರಲ್ಲಿ ಪ್ರಕಟಿಸಿದ ಲೇಖನ ಈ ಸಾಹಿತ್ಯದಲ್ಲಿ ಅತ್ಯಂತ ಬೆಲೆಯುಳ್ಳದ್ದು. ತುದಿಗಳಲ್ಲಿ ಬೋಲ್ಟು ಹಾಕಿದರೆ ಸಾಕೆಂದು ಯಾರಿಗಾದರೂ ಮೊದಲಿಗೆ ತೋಚುತ್ತದೆ. ಬೋಲ್ಟುಗಳು ಪಟ್ಟಿಯು ಪೂರ್ತಿಯಾಗಿ ಕೆಳಗೆ ಬೀಳದಂತೆ ತಡೆದುವೇ ಹೊರತು, ಅಂಟು ಬಿಡುವುದನ್ನು ತಡೆಯಲಿಲ್ಲ. ತೊಲೆಯ ತಳದಿಂದ ಪಕ್ಕಗಳಿಗೆ ಮಡಚಿಕೊಂಡು ಏರುವ ಮೂಲೆಪಟ್ಟಿಗಳನ್ನು ತುದಿಗಳಲ್ಲಿ ಅಂಟಿಸಿದಾಗಲಾದರೋ ಸುಲಿಯುವಿಕೆ ನಿಂತು, ದಪ್ಪ ಪಟ್ಟಿಯೂ ತನ್ನ ಪೂರ್ಣಬಲವನ್ನು ಕೊಟ್ಟಿತು. ಕಾಂಕ್ರೀಟು ಒಳಗಿನ ಕಂಬಿಗೆ ತಾನಾಗಿ ಕೊಡುತ್ತಿದ್ದ ಹಿಡಿತವನ್ನು ಹೊರಗಿನ ಪಟ್ಟಿಗೆ ದೊರಕಿಸಿಕೊಡಲು ಡರ್ಬನ್ನಿನಿಂದ ಹಿಡಿದು ಸುಮಾರು ಕಾಲು ಶತಮಾನ ಬೇಕಾಯಿತು.

ತುಕ್ಕಿನ ಪ್ರಶ್ನೆಯಲ್ಲಿ ಅಷ್ಟು ಸ್ಪಷ್ಟವಾದ ಜಯ ದೊರೆಯಲಿಲ್ಲ. ರಸ್ತೆ ಸಂಶೋಧನಾಲಯದ ಕಾಲ್ಡರ್ ಎಂಬಾತನು ಪಟ್ಟಿ ಅಂಟಿಸಿದ ತೊಲೆಗಳನ್ನು ಸಿದ್ಧಪಡಿಸಿ, ಕಾರ್ಖಾನೆಗಳ ಹೊಗೆಯಿರುವ ಕಡೆಯೂ, ಮಳೆ ಅಧಿಕವಾದ ಕಡೆಯೂ, ಕಡಲ ತಡಿಯಲ್ಲಿಯೂ ಬಯಲಿಗಿಟ್ಟು ವರ್ಷಗಟ್ಟಲೆ ಕಾದನು. ಮೊದಲ ವರದಿ ಹೊರಬಂದ ಅನಂತರವೂ ಆ ಪರೀಕ್ಷೆ ನಡೆಯಿತು. ಪಟ್ಟಿಗಳನ್ನು ಕಿತ್ತು ನೋಡಿದಾಗ ಉಕ್ಕು ಮತ್ತು ಅಂಟುಗಳ ಸಂದಿಯಲ್ಲಿ ಅಲ್ಲಲ್ಲಿ ತುಕ್ಕು ಹಿಡಿದಿತ್ತು. ಹೊರಮೈಯ ತುಕ್ಕನ್ನು ಕಣ್ಣು ಕಾಣುತ್ತದೆ, ಬಣ್ಣ ತಡೆಯುತ್ತದೆ. ಸಂದಿಯ ತುಕ್ಕನ್ನು ಪಟ್ಟಿ ಕೀಳದೆ ಕಾಣುವಂತಿಲ್ಲ. ಹರಳು ಹೊಡೆದ ಉಕ್ಕಿಗೆ ಅಂಟಿಸುವ ಮುನ್ನವೇ ರಕ್ಷಕ ಲೇಪ ಕೊಡಬೇಕೆಂಬ ನಿಷ್ಠುರವಾದ ವಿಧಿ ಇಂಥ ಅನುಭವದಿಂದಲೇ ಬಲಗೊಂಡಿತು. ಅದಕ್ಕಿಂತಲೂ ಮುಖ್ಯವಾದ ಇನ್ನೊಂದು ವಿವೇಕವಿದೆ: ಉಪ್ಪು ಸೇರಿ ಒಳಗಿನ ಕಂಬಿಯೇ ತುಕ್ಕು ಹಿಡಿದು ಉಬ್ಬುತ್ತಿರುವ ತೊಲೆಗೆ ಪಟ್ಟಿ ಅಂಟಿಸುವುದು ಚಿಕಿತ್ಸೆಯಲ್ಲ, ರೋಗವನ್ನು ಮುಚ್ಚಿಡುವುದು. ಹೊದಿಕೆಯ ಕಾಂಕ್ರೀಟು ಕಂಬಿಯಿಂದ ಬೇರ್ಪಡುತ್ತಿರುವಾಗ ಅದಕ್ಕೆ ಅಂಟಿದ ಪಟ್ಟಿ ಏನನ್ನು ಹಿಡಿದುಕೊಂಡೀತು? ಬಲ ಸಾಲದ ತೊಲೆಗೆ ಈ ವಿಧಾನ ಸಲ್ಲುತ್ತದೆ; ಕೊಳೆಯುತ್ತಿರುವ ತೊಲೆಗೆ ಸಲ್ಲದು.

ಬೆಂಕಿಯ ವಿಷಯದಲ್ಲಿ ಸೋಲನ್ನು ಒಪ್ಪಿಕೊಂಡೇ ನಡೆಯಬೇಕಾಯಿತು. ಬಯಲಿನ ಶಾಖದಲ್ಲಿ ಬಲಿಯುವ ಎಪಾಕ್ಸಿಗಳು ಸಾಮಾನ್ಯವಾಗಿ ಐವತ್ತು ಅರುವತ್ತು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿಯೇ ಮೆತ್ತಗಾಗತೊಡಗುತ್ತವೆ. ಬೆಂಕಿ ಬಿದ್ದ ಕೋಣೆಯಲ್ಲಿ, ರಕ್ಷಣೆಯಿಲ್ಲದ ಪಟ್ಟಿಯ ಅಂಟು ಮೊದಲ ಕೆಲವು ನಿಮಿಷಗಳಲ್ಲಿಯೇ ನಿರುಪಯುಕ್ತವಾಗುತ್ತದೆ. ಆದುದರಿಂದ, ಪಟ್ಟಿಯನ್ನು ಸಂಪೂರ್ಣವಾಗಿ ಕಳೆದುಕೊಂಡರೂ ತೊಲೆಯು ತನ್ನ ನಿತ್ಯದ ಭಾರವನ್ನು ಹೊತ್ತು ನಿಲ್ಲುವಂತಿರಬೇಕು ಎಂಬ ತತ್ತ್ವವನ್ನು ಬಲ್ಲವರು ಅಂಗೀಕರಿಸಿದರು. ಬ್ರಿಟಿಷ್ ಸರಕಾರವು ಈ ವಿಧಾನದ ಬಗ್ಗೆ ಎರಡು ದಶಕಗಳ ಅನುಭವವನ್ನು ಕ್ರೋಡೀಕರಿಸಿ 1994ರಲ್ಲಿ ಬಿಎ 30 ಎಂಬ ಸಲಹಾಪತ್ರವನ್ನು ಹೊರಡಿಸಿತು. ಒಂದು ಲೋಪದಿಂದ ಹುಟ್ಟಿದ ಉಪಾಯಕ್ಕೆ ಅಂದು ಶಾಸ್ತ್ರದ ಮನ್ನಣೆ ದೊರೆಯಿತೆನ್ನಬಹುದು.

ಆದರೆ ಆ ಮನ್ನಣೆ ದೊರೆಯುವ ಮೊದಲೇ ಉಕ್ಕಿನ ಪಟ್ಟಿಗೆ ಉತ್ತರಾಧಿಕಾರಿ ಹುಟ್ಟಿಕೊಂಡಿತ್ತು. ಅದೇ ಎಂಪಾ ಪ್ರಯೋಗಾಲಯದಲ್ಲಿ ಉರ್ಸ್ ಮೈಯರ್ ಎಂಬ ವಿಜ್ಞಾನಿ, ತುಕ್ಕೂ ಹಿಡಿಯದ, ಭಾರವೂ ಇಲ್ಲದ ಕಾರ್ಬನ್ ನಾರಿನ ಪಟ್ಟಿಗಳನ್ನು ಉಕ್ಕಿಗೆ ಬದಲಾಗಿ ಬಳಸುವ ಪ್ರಯೋಗಗಳನ್ನು 1980ರ ದಶಕದಲ್ಲಿ ಆರಂಭಿಸಿದ್ದನು. ಲೂಸರ್ನ್ ನಗರದ ಬಳಿಯ ಇಬಾಖ್ ಸೇತುವೆಯಲ್ಲಿ, ಸಂಚಾರದ ಸಂಕೇತದೀಪಗಳನ್ನು ಕೂಡಿಸಲು ರಂಧ್ರ ಕೊರೆಯುತ್ತಿದ್ದಾಗ ಒಳಗಿನ ಬಿಗಿತಂತಿಗಳಿಗೆ ಏಟು ಬಿದ್ದು, 1991ರಲ್ಲಿ ಅದನ್ನು ದುರಸ್ತಿ ಮಾಡಬೇಕಾಗಿ ಬಂತು. ಉಕ್ಕಿನಲ್ಲಿ 175 ಕಿಲೋಗ್ರಾಮು ಬೇಕಾಗುತ್ತಿದ್ದ ಕಡೆ 6.2 ಕಿಲೋಗ್ರಾಮಿನ ಕಾರ್ಬನ್ ಪಟ್ಟಿಗಳು ಸಾಕಾದುವು. ಭಾರಿ ಅಟ್ಟಣೆಯಿಲ್ಲದೆ, ಎತ್ತುವ ತೊಟ್ಟಿಲೊಂದರಲ್ಲಿ ನಿಂತೇ, ರಾತ್ರಿಯ ವೇಳೆಯಲ್ಲಿ ಕೆಲಸವನ್ನು ಮುಗಿಸಿದರು. ಅಲ್ಲಿಂದ ಮುಂದೆ ಸೇತುವೆಗಳ ಕ್ಷೇತ್ರವನ್ನು ಉಕ್ಕು ಕ್ರಮಕ್ರಮವಾಗಿ ಕಾರ್ಬನ್ನಿಗೆ ಬಿಟ್ಟುಕೊಟ್ಟಿತು. ಪಟ್ಟಿ ಬದಲಾದರೂ ಅಂಟು ಬದಲಾಗಲಿಲ್ಲ; ಮೈಯನ್ನು ಶುಚಿಗೊಳಿಸುವ ಶ್ರಮ, ತುದಿಯ ಸುಲಿತದ ಭಯ, ಬೆಂಕಿಯ ಆತಂಕ ಇವಾವುವೂ ಬದಲಾಗಲಿಲ್ಲ. ಉಕ್ಕಿನ ಪಟ್ಟಿಗಳ ಮೇಲೆ ಇಪ್ಪತ್ತೈದು ವರ್ಷ ನಡೆದ ಶೋಧನೆಯ ಫಲವನ್ನು ಕಾರ್ಬನ್ ಪಟ್ಟಿ ಪಿತ್ರಾರ್ಜಿತವಾಗಿ ಪಡೆಯಿತು.

ಉಕ್ಕಿನ ಕಾಲ ಮುಗಿಯಿತೆಂದು ಹೇಳುವವರೊಡನೆ ನಾನು ಪೂರ್ಣವಾಗಿ ಒಪ್ಪಲಾರೆ. ಉಕ್ಕು ಮುರಿಯುವ ಮೊದಲು ಹಿಗ್ಗಿ ಎಚ್ಚರಿಸುತ್ತದೆ. ಕಾರ್ಬನ್ ನಾರು ಹಾಗೆ ಹಿಗ್ಗುವುದಿಲ್ಲ. ಉಕ್ಕು ಎಲ್ಲ ಊರಿನ ಅಂಗಡಿಯಲ್ಲಿಯೂ ದೊರೆಯುತ್ತದೆ, ಎಲ್ಲ ಊರಿನ ಫ್ಯಾಬ್ರಿಕೇಷನ್ ಕಾರ್ಖಾನೆಯಲ್ಲಿಯೂ ಅದನ್ನು ಕತ್ತರಿಸಿ ರಂಧ್ರ ಕೊರೆಯಬಲ್ಲರು. ಮಳೆ ತಾಗದ, ಉಪ್ಪುಗಾಳಿ ಸೋಕದ ಒಳಾಂಗಣದ ತೊಲೆಗೆ ಅದು ಇಂದಿಗೂ ಯೋಗ್ಯವಾದ ಸಾಧನವೇ. ಆದರೆ ನಮ್ಮ ನಾಡಿನಲ್ಲಿ ಇದನ್ನು ಕೈಗೊಳ್ಳುವವರು ಫ್ರಾನ್ಸ್ ಇಂಗ್ಲೆಂಡುಗಳ ತಂಪು ಹವೆಯಲ್ಲಿ ರೂಪುಗೊಂಡ ನಿಯಮಗಳನ್ನು ಕಣ್ಣುಮುಚ್ಚಿ ಅನುಸರಿಸಬಾರದು. ಬೇಸಗೆಯಲ್ಲಿ ನಾಲ್ವತ್ತು ಡಿಗ್ರಿಯನ್ನು ದಾಟುವ ಕಲಬುರಗಿ ರಾಯಚೂರುಗಳಲ್ಲಿ, ತಾರಸಿಯ ಬಿಸಿಲನ್ನೂ ಒಳಗಿನ ಯಂತ್ರಗಳ ಕಾವನ್ನೂ ಉಣ್ಣುವ ಕಾರ್ಖಾನೆಯ ತೊಲೆಯಲ್ಲಿ, ಅಂಟು ಮೆತ್ತಗಾಗುವ ಉಷ್ಣಾಂಶಕ್ಕೂ ದಿನನಿತ್ಯದ ಉಷ್ಣಾಂಶಕ್ಕೂ ನಡುವೆ ಉಳಿಯುವ ಅಂತರ ಬಹಳ ಕಿರಿದು. ಅಂಟನ್ನು ಆರಿಸುವಾಗ ಬೆಲೆಯನ್ನು ಕೇಳುವ ಮೊದಲು ಈ ಅಂತರವನ್ನು ಕೇಳಬೇಕು. ಮಂಗಳೂರು ಕಾರವಾರಗಳ ಕಡಲಗಾಳಿಯಲ್ಲಿ ಬಯಲಿಗೆ ತೆರೆದ ತೊಲೆಗಳಿಗೆ ಉಕ್ಕಿನ ಪಟ್ಟಿಯನ್ನು ಹಾಕದಿರುವುದೇ ಲೇಸು.

ಇಂಥ ಪಟ್ಟಿಗಳನ್ನು ಧರಿಸಿದ ಕಟ್ಟಡಗಳ ಒಡೆಯರಲ್ಲಿಯೂ ಅವನ್ನು ನೋಡಿಕೊಳ್ಳುವವರಲ್ಲಿಯೂ ನನ್ನದೊಂದು ಬಿನ್ನಹವಿದೆ. ಒಳಗಿನ ಕಂಬಿಯನ್ನು ಮರೆಯಬಹುದು, ಕಾಂಕ್ರೀಟು ಅದನ್ನು ಕಾಯುತ್ತದೆ. ಹೊರಗಿನ ಪಟ್ಟಿಯನ್ನು ಮರೆಯಬಾರದು. ಯಾವ ತೊಲೆಗೆ, ಯಾವ ವರ್ಷ, ಯಾವ ಅಂಟಿನಿಂದ ಪಟ್ಟಿ ಅಂಟಿಸಲಾಯಿತೆಂಬುದನ್ನು ಕಟ್ಟಡದ ನಕ್ಷೆಗಳೊಡನೆ ಬರೆದಿಡಿ. ಫ್ಯಾನಿನ ಕೊಂಡಿಗೆಂದೋ ವಯರಿಂಗಿಗೆಂದೋ ಅದರಲ್ಲಿ ರಂಧ್ರ ಕೊರೆಯಲು ಯಾರನ್ನೂ ಬಿಡಬೇಡಿ. ಅದಕ್ಕೆ ಏನನ್ನೂ ವೆಲ್ಡಿಂಗ್ ಮಾಡಿಸಬೇಡಿ, ಒಂದು ಕ್ಷಣದ ಕಾವು ಹಿಂದಿನ ಅಂಟನ್ನು ಸುಟ್ಟುಹಾಕುತ್ತದೆ. ಬಣ್ಣ ಎದ್ದ ಕಡೆ ಕೂಡಲೇ ಬಣ್ಣ ಬಳಿಸಿ, ಮೇಲಿನ ಚಪ್ಪಡಿಯಿಂದ ನೀರು ಜಿನುಗುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ವರ್ಷಕ್ಕೊಮ್ಮೆಯಾದರೂ ಏಣಿ ಹಾಕಿಸಿ, ತಿಳಿದವರಿಂದ ಪಟ್ಟಿಯ ಎರಡು ತುದಿಗಳನ್ನೂ ಸುತ್ತಿಗೆಯಿಂದ ತಟ್ಟಿಸಿ ನೋಡಿ.